ಜನ ಮರುಳೋ, ಜರಿ ಮರುಳೋ

ಕನ್ನಡದಲ್ಲಿ ‘ಮರುಳು’ ಎಂಬ ಮಾತಿಗೆ ಎರಡು ಮುಖ. ಹಳಗನ್ನಡ ಕವಿಗೆ ಅದು ರಣಭೂಮಿಯಲ್ಲಿ ನೆತ್ತರು ಕುಡಿದು ಕುಣಿಯುವ ಪಿಶಾಚಿ. ಇಂದಿನ ಮಾತಿನಲ್ಲಿ ಅದು ಮೋಹ, ಬುದ್ಧಿ ಜಾರುವಷ್ಟು ಮೆಚ್ಚಿಕೊಳ್ಳುವುದು. ಅಂಗಡಿಯ ಗಾಜಿನಾಚೆ ತೂಗುವ ಸೀರೆಯ ಅಂಚಿಗೆ ಯಾರೋ ಮರುಳಾದರು ಎನ್ನುವಾಗ ಆ ಹಳೆಯ ಪಿಶಾಚಿಯ ನೆನಪು ಯಾರಿಗೂ ಬರುವುದಿಲ್ಲ. ‘ಮೋಹಿನಿ’ಯ ಪಾಡೂ ಅದೇ: ಅಮೃತ ಹಂಚಿದ ಚೆಲುವೆಗೂ ಹುಣಸೆಮರದ ದೆವ್ವಕ್ಕೂ ನಾವು ಇಟ್ಟಿರುವುದು ಒಂದೇ ಹೆಸರು. ಹೀಗೆ ದೆವ್ವವನ್ನೂ ಸೊಗಸನ್ನೂ ಒಂದೇ ನಾಲಗೆಯಲ್ಲಿ ಕರೆಯುವ ಭಾಷೆಯಲ್ಲಿ, ಬಟ್ಟೆಬರೆಯ ಲೋಕದಲ್ಲಿ ನಡೆಯುವ ತಮಾಷೆಯ ರಕ್ತಪಿಶಾಚಿ ಕಥೆ ಬೇರೂರದೇ ಉಳಿದಿದ್ದೇಕೆ? ಇಂಗ್ಲಿಷಿನಲ್ಲಿ ಅದು ಹಲವು ದಶಕಗಳಿಂದ ನಡೆದುಬಂದಿರುವ ಒಂದು ಚಿಕ್ಕ ಪ್ರಕಾರ. ‘ನಮ್ಮಲ್ಲಿ ವ್ಯಾಂಪೈರ್ ಇಲ್ಲ, ಫ್ಯಾಷನ್ ಲೋಕವೂ ಇಲ್ಲ’ ಎಂಬುದು ಕೂಡಲೇ ಹೊಳೆಯುವ ಉತ್ತರ. ಎರಡೂ ಮಾತು ಸರಿಯಲ್ಲ ಎಂದು ತೋರಿಸುವುದು ಈ ಲೇಖನದ ಕೆಲಸ. ಇಂಥ ಕಥೆಗಳ ಜೀವ ನೆತ್ತರಿನಲ್ಲಿಲ್ಲ, ಕಾಲದಲ್ಲಿದೆ. ದೆವ್ವವೆಂದರೆ ಕಾಲ ನಿಂತುಹೋದ ಜೀವಿ. ಫ್ಯಾಷನ್ ಎಂದರೆ ಒಂದು ಗಳಿಗೆಯೂ ನಿಲ್ಲಲಾರದ ಕಾಲ. ಇವೆರಡೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ಎದುರುಬದುರಾದಾಗ ನಗೆ ಹುಟ್ಟುತ್ತದೆ. ಅಂಥ ಕಟ್ಟೆ ಕನ್ನಡದಲ್ಲಿ ಹುಡುಕಬೇಕಾದರೆ ಬೆಂಗಳೂರಿನ ರ‍್ಯಾಂಪಿಗಿಂತ ಮೈಸೂರಿನ ಚಾಮರಾಜಪುರಂ ವಾಸಿ.

ಮೊದಲು ಪಡುವಣದ ಪಿಶಾಚಿಗೆ ಒಳ್ಳೆಯ ಬಟ್ಟೆ ಬಂದದ್ದು ಯಾವಾಗ ಎಂದು ನೋಡಬೇಕು. ಪೂರ್ವ ಯೂರೋಪಿನ ಹಳ್ಳಿಗರು ಹೆದರುತ್ತಿದ್ದ ವ್ಯಾಂಪೈರ್ ಸೊಗಸುಗಾರನೇನೂ ಆಗಿರಲಿಲ್ಲ. 1732ರಲ್ಲಿ ಆಸ್ಟ್ರಿಯಾ ಸೇನೆಯ ವೈದ್ಯರು ಸರ್ಬಿಯಾದ ಒಂದು ಹಳ್ಳಿಯಲ್ಲಿ ಗೋರಿಗಳನ್ನು ಅಗೆಸಿ ವರದಿ ಬರೆದರು. ಅಂಥ ವರದಿಗಳಲ್ಲಿ ಕಾಣುವುದು ಊದಿಕೊಂಡ, ಕೆಂಪೇರಿದ, ಶವದ ಬಟ್ಟೆಯಲ್ಲೇ ಸುತ್ತಿದ ರೈತಾಪಿ ಹೆಣ. ಅದನ್ನು ದಿವಾನಖಾನೆಗೆ ಕರೆತಂದವನು ಕವಿ ಬೈರನ್ನನ ವೈದ್ಯನಾಗಿದ್ದ ಜಾನ್ ಪಾಲಿಡೋರಿ. 1819ರಲ್ಲಿ ಬಂದ ಅವನ ‘ದಿ ವ್ಯಾಂಪೈರ್’ ಕಥೆಯ ಲಾರ್ಡ್ ರುತ್ವೆನ್ ಲಂಡನ್ನಿನ ಸಿರಿವಂತರ ಕೂಟಗಳಲ್ಲಿ ಓಡಾಡುವ ಗೌರವಸ್ಥ. 1897ರಲ್ಲಿ ಬ್ರಾಮ್ ಸ್ಟೋಕರ್ ತನ್ನ ಡ್ರಾಕುಲಾನಿಗೆ ಕೌಂಟ್ ಪದವಿ ಕೊಟ್ಟ, ಕನ್ನಡಿಯಲ್ಲಿ ಪ್ರತಿಬಿಂಬ ಮೂಡದ ಶಾಪವನ್ನೂ ಕೊಟ್ಟ. ಇಂದು ಮಕ್ಕಳ ವೇಷದ ಸ್ಪರ್ಧೆಯಲ್ಲೂ ಕಾಣುವ ಎತ್ತರದ ಕಾಲರಿನ ಕರಿ ನಿಲುವಂಗಿ ಮಾತ್ರ ಕಾದಂಬರಿಯಿಂದ ಬಂದದ್ದಲ್ಲ, ನಾಟಕದವರ ಕೈಚಳಕ. 1924ರಲ್ಲಿ ಹ್ಯಾಮಿಲ್ಟನ್ ಡೀನ್ ಈ ಕಥೆಯನ್ನು ರಂಗಕ್ಕೆ ತಂದಾಗ, ಪ್ರೇಕ್ಷಕರಿಗೆ ಬೆನ್ನು ತಿರುಗಿಸಿ ನಿಂತ ನಟನ ತಲೆ ಕಾಣದಿರಲಿ, ಅವನು ನಿಲುವಂಗಿಯಿಂದ ಜಾರಿಕೊಂಡು ನೆಲದ ಕಿಂಡಿಯಲ್ಲಿ ಇಳಿದು ಮಾಯವಾಗಲಿ ಎಂದು ಆ ಕಾಲರನ್ನು ಎತ್ತರಿಸಲಾಯಿತು. 1931ರ ಸಿನಿಮಾದಲ್ಲಿ ಬೆಲಾ ಲುಗೋಸಿ ನಿಲುವಂಗಿ ತೊಟ್ಟು ಬಂದ ಮೇಲೆ ಆ ಉಡುಪಿಗೂ ಪಿಶಾಚಿಗೂ ನಂಟು ಗಟ್ಟಿಯಾಯಿತು. ಹೀಗೆ ದರ್ಜಿಯ ಒಂದು ಉಪಾಯ ಜಗತ್ತಿನ ಅತಿ ಪ್ರಸಿದ್ಧ ದೆವ್ವದ ಗುರುತಾಯಿತು. ಭಯದ ಬೇರು ನಂಬಿಕೆಯಲ್ಲಿದ್ದರೂ ಅದರ ರೂಪ ಹೊಲಿಗೆಯಂಗಡಿಯಲ್ಲಿ ಸಿದ್ಧವಾಯಿತು. ತಮಾಷೆಯ ಬರಹಗಾರರು ಆಮೇಲೆ ಮಾಡಿದ್ದೆಲ್ಲ ಆ ಹೊಲಿಗೆಯನ್ನು ಬಿಚ್ಚಿ ತೋರಿಸುವ ಕೆಲಸವನ್ನೇ.

ಆ ಬಿಚ್ಚುವ ಕೆಲಸದಲ್ಲಿ ಗೆದ್ದ ಕೃತಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸೂತ್ರ ಕಾಣುತ್ತದೆ. 1979ರ ‘ಲವ್ ಅಟ್ ಫಸ್ಟ್ ಬೈಟ್’ ಚಿತ್ರದಲ್ಲಿ ಸರಕಾರ ಕೋಟೆಯಿಂದ ಹೊರಹಾಕಿದ ಡ್ರಾಕುಲಾ, ಪತ್ರಿಕೆಯ ಚಿತ್ರಗಳಲ್ಲಿ ಕಂಡು ಮೆಚ್ಚಿದ ಫ್ಯಾಷನ್ ಮಾಡೆಲ್ ಒಬ್ಬಳನ್ನು ಹುಡುಕಿಕೊಂಡು ನ್ಯೂಯಾರ್ಕಿಗೆ ಬರುತ್ತಾನೆ. 1985ರ ‘ಒನ್ಸ್ ಬಿಟ್ಟನ್’ನಲ್ಲಿ ರಕ್ತಪಿಶಾಚಿ ಕೌಂಟೆಸ್ ಆಗಿ ನಟಿಸಿದ ಲಾರೆನ್ ಹಟನ್ ನಿಜಜೀವನದಲ್ಲೂ ಹೆಸರಾಂತ ಮಾಡೆಲ್; ವಯಸ್ಸಾಗದಿರುವ ಆಸೆಯನ್ನು ಆ ಲೋಕದವಳ ಬಾಯಲ್ಲೇ ಹೇಳಿಸಿದ್ದು ಚಿತ್ರದ ಜಾಣತನ. ಮೇರಿಜಾನಿಸ್ ಡೇವಿಡ್‌ಸನ್ 2004ರಲ್ಲಿ ಬರೆದ ‘ಅನ್‌ಡೆಡ್ ಅಂಡ್ ಅನ್‌ವೆಡ್’ ಕಾದಂಬರಿಯ ನಾಯಕಿಗೆ ಪಿಶಾಚಿಗಳ ರಾಣಿಯಾದದ್ದಕ್ಕಿಂತ ಒಳ್ಳೆಯ ಚಪ್ಪಲಿಗಳದೇ ಚಿಂತೆ. ವ್ಯಾಲರಿ ಸ್ಟೈವರ್ಸ್ 2007ರಲ್ಲಿ ‘ಬ್ಲಡ್ ಈಸ್ ದ ನ್ಯೂ ಬ್ಲ್ಯಾಕ್’ನಲ್ಲಿ ಕಥೆಯನ್ನು ನೇರವಾಗಿ ಫ್ಯಾಷನ್ ಪತ್ರಿಕೆಯ ಕಚೇರಿಯೊಳಗೇ ತಂದಿಟ್ಟರು. ಅದಕ್ಕೆ ಹಿಂದಿನ ವರ್ಷವಷ್ಟೇ ‘ದಿ ಡೆವಿಲ್ ವೇರ್ಸ್ ಪ್ರಾಡಾ’ ಸಿನಿಮಾ ಬಂದಿತ್ತು. ಕಿರಿಯರ ಜೀವ ಹಿಂಡುವ ಸಂಪಾದಕಿ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಂಡರೆ ಏನಾಗುತ್ತದೆ ಎಂಬುದೇ ಈ ಕಾದಂಬರಿಯ ಕಲ್ಪನೆ. 2014ರ ನ್ಯೂಜಿಲೆಂಡ್ ಚಿತ್ರ ‘ವಾಟ್ ವಿ ಡೂ ಇನ್ ದ ಶ್ಯಾಡೋಸ್’ನಲ್ಲಿ ಹಬ್ಬದ ರಾತ್ರಿಯಂತೆ ಸಿಂಗರಿಸಿಕೊಂಡ ಪಿಶಾಚಿಗಳಿಗೆ ತಾವು ಹೇಗೆ ಕಾಣುತ್ತೇವೆಂದು ತಿಳಿಯುವ ದಾರಿಯೇ ಇಲ್ಲ, ಒಬ್ಬರ ಚಿತ್ರವನ್ನು ಇನ್ನೊಬ್ಬರು ಬರೆದು ತೋರಿಸಬೇಕು. ಇವುಗಳಲ್ಲಿ ನಗೆ ಹುಟ್ಟುವ ಜಾಗ ಒಂದೇ. ಪಿಶಾಚಿಯ ಕಟ್ಟಳೆಯೊಂದು ಕಸುಬಿನ ಕಟ್ಟಳೆಯೊಂದಕ್ಕೆ ಡಿಕ್ಕಿ ಹೊಡೆಯಬೇಕು: ಕನ್ನಡಿ ಬೇಡವೆನ್ನುವ ಪಿಶಾಚಿ, ಕನ್ನಡಿಯಿಲ್ಲದೆ ನಡೆಯದ ಕಸುಬು. ಬ್ರ್ಯಾಂಡ್ ಹೆಸರುಗಳ ಪಟ್ಟಿ ಕೊಟ್ಟು ಸುಮ್ಮನಾದ ಪುಸ್ತಕಗಳು ಒಂದೇ ಋತುವಿನಲ್ಲಿ ಮಾಸಿದವು. ಡಿಕ್ಕಿಯ ಸದ್ದು ಕೇಳಿಸಿದವು ಉಳಿದವು.

ಈಗ ಕನ್ನಡಕ್ಕೆ ಬರೋಣ. ನೆತ್ತರು ಕುಡಿಯುವವರು ನಮಗೆ ಹೊಸಬರಲ್ಲ. ಹತ್ತನೇ ಶತಮಾನದ ಕೊನೆಯ ರನ್ನ ಕವಿಯ ‘ಗದಾಯುದ್ಧ’ದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆದು ಹೋಗುವಾಗ ರಣದ ಮರುಳುಗಳು ಅವನನ್ನು ಗೇಲಿ ಮಾಡುತ್ತವೆ. ಅಲ್ಲಿ ಮರುಳರು ಯಾರು, ಸೋತರೂ ಛಲ ಬಿಡದ ಅರಸನೋ ನೆತ್ತರು ಕುಡಿದ ಪಿಶಾಚಿಯೋ ಎಂಬ ಶ್ಲೇಷೆ ಸಾವಿರ ವರ್ಷ ಹಳೆಯದು. ರಕ್ತಪಿಶಾಚಿಯ ಬಾಯಲ್ಲಿ ಹಾಸ್ಯ ಹೇಳಿಸುವುದನ್ನು ನಾವು ಹಾಲಿವುಡ್ಡಿನಿಂದ ಕಲಿಯಬೇಕಾದ್ದೇನಿಲ್ಲ. ಬೇತಾಳನೂ ಹಾಗೆಯೇ. 1870ರಲ್ಲಿ ರಿಚರ್ಡ್ ಬರ್ಟನ್ ಬೇತಾಳ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಪುಸ್ತಕದ ಹೆಸರಿನಲ್ಲೇ ಅವನನ್ನು ವ್ಯಾಂಪೈರ್ ಎಂದು ಕರೆದ. ಆದರೆ 1949ರಲ್ಲಿ ಕನ್ನಡದಲ್ಲೂ ಹೊರಡತೊಡಗಿದ ‘ಚಂದಮಾಮ’ದಲ್ಲಿ, ಶಂಕರ್ ಬರೆದ ಚಿತ್ರದೊಂದಿಗೆ, ಬೇತಾಳನನ್ನು ಓದಿ ಬೆಳೆದ ಕನ್ನಡಿಗರಿಗೆ ಅವನು ಕೊರಳಿಗೆ ಬಾಯಿ ಹಾಕುವವನಲ್ಲ, ಹೆಗಲ ಮೇಲೆ ಕೂತು ಪ್ರಶ್ನೆ ಕೇಳುವವನು. ಇನ್ನು ಮೈಸೂರಿನ ಮಾತು ಬಂದರೆ, ರಕ್ತಬೀಜನ ನೆತ್ತರು ನೆಲಕ್ಕೆ ಬೀಳದಂತೆ ಕುಡಿದು ಲೋಕ ಉಳಿಸಿದ ಚಾಮುಂಡೆಯ ಹೆಸರಿನ ತಾಯಿ ಬೆಟ್ಟದ ಮೇಲಿದ್ದಾಳೆ. ಊರು ಅವಳಿಗೆ ಭಕ್ತಿಯಿಂದ ಸೀರೆ ಒಪ್ಪಿಸುತ್ತದೆ. ಆದ್ದರಿಂದ ನೆತ್ತರು ಕುಡಿದ ಮಾತ್ರಕ್ಕೆ ನಮ್ಮ ಮನಸ್ಸು ಯಾರನ್ನೂ ಕೆಟ್ಟವರೆಂದು ಬರೆದುಕೊಳ್ಳುವುದಿಲ್ಲ. ಪಡುವಣದ ಡ್ರಾಕುಲಾನನ್ನು ಹಾಗೆಯೇ ಎತ್ತಿ ತಂದಾಗ ಸಪ್ಪೆಯೆನಿಸುವುದು ಇದೇ ಕಾರಣಕ್ಕೆ: ಅವನಲ್ಲಿ ನಮಗೆ ಅಂಜಿಕೆ ಹುಟ್ಟಿಸಬೇಕಾದದ್ದು ಬರಿಯ ನೆತ್ತರ ಚಟ, ಅದೋ ಇಲ್ಲಿ ತಿಗಣೆ, ಜಿಗಣೆ, ಮಲೆನಾಡಿನ ಇಂಬಳಗಳಿಗೂ ಇದೆ.

ನಮ್ಮ ದೆವ್ವಗಳನ್ನು ಗುರುತಿಸುವುದು ಹಲ್ಲಿನಿಂದಲ್ಲ, ಉಡುಗೆಯಿಂದ. ಬಿಳಿ ಸೀರೆ, ಬಿಚ್ಚಿದ ಕೂದಲು, ಮಲ್ಲಿಗೆಯ ಕಂಪು, ಗೆಜ್ಜೆಯ ಸದ್ದು. ಕೊನೆಗೆ ಸೀರೆಯ ಅಂಚಿನ ಕೆಳಗೆ ಹಿಂದುಮುಂದಾಗಿ ನಿಂತ ಪಾದ. ಕಥೆಗಾರ ಸ್ವಲ್ಪ ಯೋಚಿಸಿದರೆ ಇಲ್ಲೇ ಒಂದು ಹಾಸ್ಯಪ್ರಸಂಗ ಸಿದ್ಧವಾಗಿದೆ: ಫಾಲ್ ಹಾಕಿಸಿ ಅಂಚು ನೆಲ ಮುಟ್ಟುವಂತೆ ಉಟ್ಟರೆ ಮೋಹಿನಿಯನ್ನು ಪತ್ತೆ ಹಚ್ಚುವುದು ಹೇಗೆ? ಬಟ್ಟೆಗೂ ಕಾಣದ ಲೋಕಕ್ಕೂ ಇರುವ ಈ ನಂಟು ಜನಪದದಲ್ಲಿ ಇನ್ನೂ ಆಳವಾಗಿದೆ. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ತಂದ ಕನ್ನಡ ಜನಪದ ಕಥೆಯೊಂದರಲ್ಲಿ, ಹೆಂಗಸೊಬ್ಬಳು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡ ಕಥೆಯೂ ಹಾಡೂ ಅವಳು ಮಲಗಿದ್ದಾಗ ಹೊರಬಿದ್ದು, ಒಂದು ಜೋಡಿ ಪಾದರಕ್ಷೆಯ, ಒಂದು ಕೋಟಿನ ರೂಪ ತಾಳುತ್ತವೆ. ಮನೆಗೆ ಬಂದ ಗಂಡನಿಗೆ ಅನುಮಾನ ಹತ್ತುತ್ತದೆ. ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕದ ಚೌಕಟ್ಟಿಗೂ ಇದೇ ಕಲ್ಪನೆ ಒದಗಿಬಂತು, ಅಲ್ಲಿ ಕಥೆಯೇ ಹೆಣ್ಣಾಗಿ ಸೀರೆ ಉಟ್ಟು ಬರುತ್ತಾಳೆ. ಚಾಮರಾಜಪುರಂಗೆ ತಾಗಿದಂತಿರುವ ಲಕ್ಷ್ಮೀಪುರಂನಲ್ಲಿ ಬಾಳಿದ ಆರ್.ಕೆ. ನಾರಾಯಣ್, ಹೆಂಡತಿಯನ್ನು ಕಳೆದುಕೊಂಡ ಮೇಲೆ ಬರೆದು 1945ರಲ್ಲಿ ಪ್ರಕಟಿಸಿದ ‘ದಿ ಇಂಗ್ಲಿಷ್ ಟೀಚರ್’ ಕಾದಂಬರಿಯಲ್ಲಿ ತೀರಿಹೋದ ಸುಶೀಲಾಳ ಚೇತನದ ಜೊತೆ ಗಂಡ ಮಾತಾಡುವಾಗ ಅವಳ ಉಡುಪಿನ ವಿಷಯವೂ ಬರುತ್ತದೆ. ಆ ಲೋಕದಲ್ಲಿ ಉಡುಪನ್ನು ನೆನೆದರೆ ಸಾಕು, ಮೈಮೇಲಿರುತ್ತದೆ. ದುಃಖದ ಪುಸ್ತಕವಾದರೂ ಸತ್ತವಳು ಏನುಟ್ಟಿದ್ದಾಳೆಂದು ಕೇಳುವ ಗಂಡನ ಕುತೂಹಲದಲ್ಲಿ ಮೃದುವಾದ ನಗೆಯಿದೆ. 2004ರ ‘ಆಪ್ತಮಿತ್ರ’ ಚಿತ್ರದಲ್ಲಿ ಮೈಸೂರಿನ ಹಳೆಯ ಬಂಗಲೆಯೊಳಗೆ ಗಂಗಾ ನಾಗವಲ್ಲಿಯಾಗುವುದು ನರ್ತಕಿಯ ಉಡುಗೆ, ಒಡವೆ, ಗೆಜ್ಜೆಗಳ ಮೂಲಕ. ದೆವ್ವ ನಮ್ಮಲ್ಲಿ ಮೈಗೆ ಸೇರುವ ಮೊದಲು ಬೀರುವಿಗೆ ಸೇರುತ್ತದೆ.

ಇಷ್ಟೆಲ್ಲ ಸಾಮಗ್ರಿ ಇದ್ದೂ ನಾವು ಬಳಸದೆ ಬಿಟ್ಟದ್ದನ್ನು ಬೇರೆಯವರು ಬಳಸಿಕೊಂಡರು. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲೂ ಸುತ್ತಮುತ್ತಲ ಊರುಗಳಲ್ಲೂ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವ ಗೀಳು ಹಬ್ಬಿತ್ತು. ರಾತ್ರಿ ಮನೆಯವರ ದನಿಯಲ್ಲೇ ಕೂಗುವ ಹೆಣ್ಣುದೆವ್ವ ಬರಹ ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬ ನಂಬಿಕೆ. ಈ ಕನ್ನಡದ ದೆವ್ವ 2018ರಲ್ಲಿ ‘ಸ್ತ್ರೀ’ ಎಂಬ ಹಿಂದಿ ಚಿತ್ರವಾಯಿತು. ಅಮರ್ ಕೌಶಿಕ್ ನಿರ್ದೇಶನದ ಈ ಚಿತ್ರ ಕಥೆಯನ್ನು ಮಧ್ಯಪ್ರದೇಶದ ಚಂದೇರಿಗೆ, ಅಂದರೆ ಕೈಮಗ್ಗದ ಸೀರೆಗೆ ಹೆಸರಾದ ಊರಿಗೆ ಒಯ್ದಿತು. ನಾಯಕನನ್ನು ಕಣ್ಣಳತೆಯಲ್ಲೇ ಅಳತೆ ಹೇಳಬಲ್ಲ ಲೇಡೀಸ್ ಟೈಲರ್ ಮಾಡಿತು. ದೆವ್ವ ಗಂಡಸರನ್ನು ಎತ್ತಿಕೊಂಡು ಹೋಗಿ ಅವರ ಬಟ್ಟೆಯನ್ನಷ್ಟೇ ಬಿಟ್ಟುಹೋಗುತ್ತದೆ. ನಿಗೂಢ ಹುಡುಗಿ ಲೆಹೆಂಗಾ ಹೊಲಿಸಿಕೊಳ್ಳಲು ಬರುತ್ತಾಳೆ. ಹಗುರವಾದ ದೆವ್ವದ ಕಥೆಗೂ ಬಟ್ಟೆಯ ಕಸುಬಿಗೂ ಗಂಟು ಬಿದ್ದ ಮೇಲೆ ಚಿತ್ರದ ನಿರ್ಮಾಣ ಸಂಸ್ಥೆಯಿಂದ ಅಂಥ ಚಿತ್ರಗಳ ಸಾಲೇ ಬಂತು. 2025ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ‘ಥಾಮಾ’ದಲ್ಲಿ ನೆತ್ತರು ಕುಡಿಯುವ ಬೇತಾಳ ಕುಲದ ಹೆಣ್ಣಾಗಿ ನಟಿಸಿದವರು ಕೊಡಗಿನ ವಿರಾಜಪೇಟೆಯ ರಶ್ಮಿಕಾ ಮಂದಣ್ಣ. ಬೇತಾಳ ನಮ್ಮದೂ ಹೌದು, ‘ನಾಳೆ ಬಾ’ ನಮ್ಮದು, ನಟಿ ನಮ್ಮವರು. ಸಿನಿಮಾ ಮಾತ್ರ ಹಿಂದಿಯದು. ಇದನ್ನು ಕೊರಗಾಗಿ ಹೇಳಬೇಕಿಲ್ಲ, ಆದರೆ ‘ನಮ್ಮಲ್ಲಿ ಸಾಮಗ್ರಿ ಇಲ್ಲ’ ಎಂಬ ವಾದ ಇಲ್ಲಿಗೆ ಮುಗಿಯುತ್ತದೆ.

‘ಸ್ತ್ರೀ’ ಚಿತ್ರ ಅರ್ಧಕ್ಕೆ ಬಿಟ್ಟ ತಮಾಷೆಯೊಂದು ಕನ್ನಡಕ್ಕೆ ಮೀಸಲಾಗಿ ಉಳಿದಿದೆ. ‘ನಾಳೆ ಬಾ’ ಎಂದು ದೆವ್ವಕ್ಕೆ ಬರೆದು ಅಂಟಿಸಿದವರು ಹಗಲಿನಲ್ಲಿ ಅದೇ ಮಾತನ್ನು ಕೇಳಿಸಿಕೊಳ್ಳುವ ಜಾಗ ಒಂದಿದೆ: ರವಿಕೆ ಹೊಲಿಯಲು ಕೊಟ್ಟ ಟೈಲರ್ ಅಂಗಡಿ. ‘ನಾಳೆ ಬನ್ನಿ ಅಕ್ಕ, ಹುಕ್ಸ್ ಒಂದು ಹಾಕೋದಿದೆ.’ ಈ ನಾಳೆಗೆ ಎಂದೂ ಕೊನೆಯಿಲ್ಲ. ಮದುವೆಯ ಹಿಂದಿನ ದಿನ ಮನುಷ್ಯರು ಸಿಟ್ಟಿಗೇಳುತ್ತಾರೆ; ಬರಹ ಓದಿ ಪ್ರತಿ ರಾತ್ರಿ ಹಿಂದಿರುಗುವ ಸಹನೆಯುಳ್ಳ ಅಮರ ಗಿರಾಕಿಯೊಬ್ಬಳೇ ಆ ಟೈಲರಿಗೆ ಸರಿಜೋಡಿ. ಕೊರಳಿನ ವಿಷಯವೂ ಅಷ್ಟೆ. ಪಡುವಣದ ಪಿಶಾಚಿಗೆ ಕೊರಳೆಂದರೆ ಬಾಯಿ ಹಾಕುವ ಜಾಗ. ನಮ್ಮೂರಿನಲ್ಲಿ ಕೊರಳನ್ನು ಅದಕ್ಕಿಂತ ಹೆಚ್ಚು ಗಮನವಿಟ್ಟು ನೋಡುವವರು ಟೇಪು ಹಿಡಿದ ಬ್ಲೌಸ್ ಟೈಲರುಗಳು: ಕತ್ತು ಎಷ್ಟು ಇಳಿಸಬೇಕು, ಬೋಟ್ ನೆಕ್ಕೋ ಪಾಟ್ ನೆಕ್ಕೋ, ಹಿಂದೆ ದಾರ ಬೇಕೋ ಬೇಡವೋ. ಹೈ ನೆಕ್ ಹೊಲಿಸಿಕೊಂಡವಳ ಮುಂದೆ ಕಂಗಾಲಾದ ರಕ್ತಪಿಶಾಚಿ, ಅಳತೆ ರವಿಕೆ ತರದೆ ಬಂದ ಮೋಹಿನಿ, ಕನ್ನಡಿಯಲ್ಲಿ ಕಾಣದ ಗಿರಾಕಿಗೆ ‘ಫಿಟ್ಟಿಂಗ್ ಸರಿಯಾಗಿದೆ ನೋಡಿಕೊಳ್ಳಿ’ ಎನ್ನುವ ಟೈಲರಣ್ಣ: ಹಿಂದೆ ಹೇಳಿದ ಡಿಕ್ಕಿ ಇಲ್ಲಿ ಹುಡುಕದೆಯೇ ಸಿಗುತ್ತದೆ.

ಚಾಮರಾಜಪುರಂ ಇಂಥ ಕಥೆಗೆ ಹೊಂದುವುದು ಅದರ ನೆರೆಹೊರೆಯಿಂದಾಗಿ. ಬಡಾವಣೆಯ ಹೆಸರಿನ ಪುಟ್ಟ ರೈಲು ನಿಲ್ದಾಣದಿಂದ ಚಾಮರಾಜನಗರದ ಗಾಡಿ ಹೊರಟರೆ ಮುಂದಿನ ನಿಲ್ದಾಣ ಅಶೋಕಪುರಂ. ಆ ಆಸುಪಾಸಿನ ಮಾನಂದವಾಡಿ ರಸ್ತೆಯಲ್ಲಿ ಮೈಸೂರು ಸಿಲ್ಕ್ ಸೀರೆಗಳ ನೇಯ್ಗೆ ಕಾರ್ಖಾನೆಯಿದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ವಿಟ್ಜರ್‌ಲೆಂಡಿನಿಂದ 32 ಮಗ್ಗ ತರಿಸಿ ಶುರುವಾದ ಈ ನೇಯ್ಗೆ ಇಂದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ಮೈಸೂರು ಸಿಲ್ಕಿಗೆ 2005ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಈ ಸೀರೆಯ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ. ಹೊಸ ಕಾಲದ ಪಡುವಣದ ಕಥೆಗಳಲ್ಲಿ ಪಿಶಾಚಿಗೆ ಬೆಳ್ಳಿ ಮುಟ್ಟಿದರೆ ಮೈ ಸುಡುತ್ತದೆ ಎಂಬ ಕಟ್ಟಳೆಯಿದೆ. ಎರಡನ್ನೂ ಸೇರಿಸಿದರೆ ಕಥೆ ತಾನೇ ಎದ್ದು ನಿಲ್ಲುತ್ತದೆ: ಊರೆಲ್ಲ ನಕಲಿ ಜರಿಯ ಸೀರೆ ತುಂಬಿರುವಾಗ ಅಸಲಿ ಯಾವುದೆಂದು ಕೈಯಿಟ್ಟು ಹೇಳಬಲ್ಲವಳು ರಕ್ತಪಿಶಾಚಿಯೊಬ್ಬಳೇ, ಕೈ ಸುಟ್ಟರೆ ಅಸಲಿ. ಅವಳಿಗಿಂತ ಒಳ್ಳೆಯ ಜರಿ ಪರೀಕ್ಷಕಿ ನಿಗಮಕ್ಕೂ ಸಿಗಲಾರಳು, ಆದರೆ ಅವಳು ಉಡಲು ಬಯಸುವ ಸೀರೆಯೂ ಅದೇ. ಇತ್ತೀಚಿನ ವರ್ಷಗಳಲ್ಲಿ ಬೇಡಿಕೆಗೆ ತಕ್ಕಷ್ಟು ಸೀರೆ ಸಿಗದೆ, ಬೆಳಕು ಹರಿಯುವ ಮೊದಲೇ ಮಳಿಗೆಯ ಮುಂದೆ ಹೆಂಗಸರು ಸಾಲು ನಿಂತದ್ದು ಸುದ್ದಿಯಾಗಿದೆ. ರಾತ್ರಿಯೆಲ್ಲ ಎಚ್ಚರವಿರುವವಳು ಸಾಲಿನಲ್ಲಿ ಮೊದಲಿಗಳು. ಬಾಗಿಲು ತೆರೆಯುವುದು ಬಿಸಿಲು ಬಂದ ಮೇಲೆ. ನಿಗಮದ ಕಟ್ಟಳೆಯೂ ಪಿಶಾಚಿಯ ಕಟ್ಟಳೆಯೂ ಹೀಗೆ ಮುಖಾಮುಖಿಯಾದಾಗ ಹಾಸ್ಯಕ್ಕೆ ಬೇರೆ ಸಾಮಾನು ಬೇಕಿಲ್ಲ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ: ಸೀರೆ, ರವಿಕೆ, ಟೈಲರ್ ಅಂಗಡಿಯನ್ನು ಫ್ಯಾಷನ್ ಲೋಕ ಎನ್ನಲಾದೀತೇ? ಫ್ಯಾಷನ್ ಎಂದರೆ ಪ್ರತಿ ಋತುವಿಗೂ ಬದಲಾಗುವುದು. ಮೈಸೂರು ಸಿಲ್ಕೋ ಬದಲಾಗದಿರುವುದನ್ನೇ ಹಿರಿಮೆಯಾಗಿ ಹೇಳಿಕೊಳ್ಳುತ್ತದೆ. ಅದೇ ಬಣ್ಣ, ಅದೇ ಸಾದಾ ಮೈ, ಅದೇ ಜರಿ ಅಂಚು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಸೀರೆ ಬದಲಾಗದ ಊರಿನಲ್ಲಿ ಬದಲಾವಣೆಯ ಭಾರವೆಲ್ಲ ರವಿಕೆಯ ಮೇಲೆ ಬೀಳುತ್ತದೆ. ಐದು ವರ್ಷದ ಹಿಂದಿನ ತೋಳು ಈಗ ಯಾರಿಗೂ ಬೇಡ. ನಿಂತ ಕಾಲ ಮತ್ತು ಓಡುವ ಕಾಲ ಎರಡೂ ಒಬ್ಬಳದೇ ಮೈಮೇಲಿರುವ ಇಂಥ ಉಡುಗೆ ಪ್ಯಾರಿಸ್ಸಿನಲ್ಲಿ ಸಿಗುವುದು ಕಷ್ಟ. ರ‍್ಯಾಂಪಿನ ಲೋಕ ಕರ್ನಾಟಕಕ್ಕೆ ಬಂದಾಗ ಏನಾಯಿತೆಂಬುದೂ ನೆನಪಿಡಬೇಕಾದದ್ದು. 1996ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ಮಹಿಳಾ ಸಂಘಟನೆಗಳೂ ರೈತಸಂಘವೂ ವಿರೋಧಿಸಿದವು. ಈಜುಡುಗೆಯ ಸುತ್ತನ್ನು ಸೇಷೆಲ್ಸ್ ದ್ವೀಪಗಳಿಗೆ ಸಾಗಿಸಬೇಕಾಯಿತು. ಆ ಲೋಕವನ್ನು ಕುರಿತ ಕನ್ನಡದ ಬರಹ ಅಂದಿನಿಂದ ಸಿಟ್ಟು ಅಥವಾ ಬೆರಗು, ಇವೆರಡರಲ್ಲೇ ನಿಂತಿತು. ನಗೆ ಹತ್ತಿರ ಸುಳಿಯಲಿಲ್ಲ. ನಗೆಗೆ ಒಂದಿಷ್ಟು ನಂಟಸ್ತಿಕೆ ಬೇಕು. 1942ರಲ್ಲಿ ರಾಶಿಯವರು ‘ಕೊರವಂಜಿ’ ನಗೆಪತ್ರಿಕೆ ತೆಗೆದಾಗ, ಟಿ. ಸುನಂದಮ್ಮ ಮನೆವಾರ್ತೆಯ ಹಾಸ್ಯ ಬರೆದಾಗ, ಅವರು ನಕ್ಕದ್ದು ಪಕ್ಕದ ಮನೆಯ ಬಗ್ಗೆ, ತಮ್ಮದೇ ಅಡುಗೆಮನೆಯ ಬಗ್ಗೆ. ಹಾಗೆ ನಗಲು ಬೇಕಾದ ಸಲುಗೆ ನಮಗೆ ರ‍್ಯಾಂಪಿನ ಜೊತೆ ಇಲ್ಲ, ಟೈಲರಣ್ಣನ ಜೊತೆ ಇದೆ.

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು. ಬಟ್ಟೆಯ ಕಸುಬಿನಲ್ಲಿ ನೆತ್ತರು ಹೀರುವುದು ರೂಪಕವಾಗಿ ಉಳಿದಿಲ್ಲ. ಅದನ್ನು ತಮಾಷೆ ಮಾಡುವುದು ದುಡಿಯುವವರಿಗೆ ಮಾಡುವ ಅವಮಾನವಲ್ಲವೇ? ಬಂಡವಾಳವನ್ನು ವ್ಯಾಂಪೈರಿಗೆ ಹೋಲಿಸಿದ ಮಾರ್ಕ್ಸ್, 1867ರ ತನ್ನ ‘ಬಂಡವಾಳ’ ಗ್ರಂಥದಲ್ಲಿ ಅದೇ ಹೋಲಿಕೆ ಬರುವ ದುಡಿಮೆಯ ದಿನದ ಅಧ್ಯಾಯದಲ್ಲೇ ಮೇರಿ ಆನ್ ವಾಕ್ಲಿ ಎಂಬ 20 ವರ್ಷದ ಹೊಲಿಗೆಗಾರ್ತಿಯ ಸಾವನ್ನು ವಿವರಿಸಿದ್ದಾನೆ. 1863ರಲ್ಲಿ ಲಂಡನ್ನಿನ ಸಿರಿವಂತ ಹೆಂಗಸರ ನೃತ್ಯಕೂಟದ ಉಡುಪಿಗಾಗಿ ಎಡೆಬಿಡದೆ ಇಪ್ಪತ್ತಾರೂವರೆ ಗಂಟೆ ದುಡಿದು ಅವಳು ಸತ್ತಳು. ಅಂದರೆ ಫ್ಯಾಷನ್ನೂ ರಕ್ತಪಿಶಾಚಿಯೂ ಒಂದೇ ಅಧ್ಯಾಯದಲ್ಲಿ ಸೇರಿದ್ದು ಹಾಸ್ಯ ಕಾದಂಬರಿಗಿಂತ ಎಷ್ಟೋ ಮೊದಲು, ಮತ್ತು ಅಲ್ಲಿ ನಗು ಇರಲಿಲ್ಲ. ನಮ್ಮ ಕಾಲಕ್ಕೆ ಬಂದರೆ, 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿ ಹಣ ತೆಗೆಯುವ ನಿಯಮ ಬಿಗಿಯಾದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದು ಕೇಂದ್ರ ಸರಕಾರ ಅದನ್ನು ಹಿಂದೆಗೆದುಕೊಳ್ಳುವಂತೆ ಮಾಡಿದರು. ಈ ಆಕ್ಷೇಪಕ್ಕೆ ಉತ್ತರ ಹೇಳಬೇಕಾದರೆ ಪಡುವಣದ ಹಗುರ ಕಾದಂಬರಿಗಳ ಒಂದು ಕೊರತೆಯನ್ನು ಒಪ್ಪಿಕೊಳ್ಳಲೇಬೇಕು. ಅವುಗಳ ಕಣ್ಣು ತೊಡುವವರು, ತೋರಿಸುವವರು, ಬರೆಯುವವರ ಮೇಲೆ. ಹೊಲಿಯುವವರು ಕಥೆಯ ಅಂಚಿನಲ್ಲೂ ಸಿಗುವುದು ಅಪರೂಪ. ಆದರೆ ಅದು ಹಗುರತನದ ದೋಷವಲ್ಲ, ಕಥೆಗೆ ಆರಿಸಿಕೊಂಡ ಜಾಗದ ದೋಷ. ಕಥೆಯನ್ನು ಹೊಲಿಗೆಯಂತ್ರದ ಪಕ್ಕಕ್ಕೆ ತಂದ ಕೂಡಲೇ ನಗೆಯ ದಿಕ್ಕು ಬದಲಾಗುತ್ತದೆ. ರಾತ್ರಿ ಪಾಳಿಗೆ ಬಂದ ರಕ್ತಪಿಶಾಚಿಗೆ ಪ್ರೊಡಕ್ಷನ್ ಟಾರ್ಗೆಟ್ ಕೇಳಿ ದಿಗಿಲಾಗಿ, ಇದಕ್ಕಿಂತ ಗೋರಿಯೇ ಮೇಲು ಎಂದು ಓಡಿದರೆ, ಆ ನಗೆ ದುಡಿಯುವವಳ ಪರವಾಗಿರುತ್ತದೆ. ರೇಷ್ಮೆಯ ವಿಷಯವೂ ಹೀಗೆ. ಒಂದು ಸೀರೆಗೆ ಸಾವಿರಾರು ಗೂಡು ಬೇಕು. ಹುಳು ಗೂಡಿನೊಳಗಿರುವಾಗಲೇ ಬಿಸಿಗೆ ಒಡ್ಡಿ ನೂಲು ಬಿಚ್ಚುತ್ತಾರೆ. ಒಂದೇ ಕೊರಳಿಗೆ ಬಾಯಿ ಹಾಕಿದವಳನ್ನು ಪಿಶಾಚಿ ಎನ್ನುವ ಹೆಂಗಸರು ಉಟ್ಟದ್ದೇನು ಎಂದು ಅವಳು ಮೆಲ್ಲಗೆ ಕೇಳಿದರೆ, ಬೇತಾಳನ ಪ್ರಶ್ನೆಯಂತೆ ಅದಕ್ಕೂ ಸುಮ್ಮನಿರುವಂತಿಲ್ಲ, ಉತ್ತರ ಹೇಳುವುದೂ ಸುಲಭವಲ್ಲ.

ಮೂರನೆಯ ಆಕ್ಷೇಪ ವಿಚಾರವಾದಿಗಳದು. ದೆವ್ವದ ಕಥೆ ಎಷ್ಟೇ ಹಗುರವಾಗಿರಲಿ, ಮೂಢನಂಬಿಕೆಗೆ ನೀರೆರೆಯುವುದಿಲ್ಲವೇ? ಮಾಟಮಂತ್ರ, ಅಮಾನವೀಯ ಆಚರಣೆಗಳ ವಿರುದ್ಧ 2017ರಲ್ಲಿ ಕಾಯ್ದೆ ಮಾಡಿ 2020ರಲ್ಲಿ ಜಾರಿಗೆ ತಂದ ರಾಜ್ಯದಲ್ಲಿ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಭಯವನ್ನು ಬೆಳೆಸುವುದು ಗಂಭೀರವಾಗಿ ಹೇಳಿದ ದೆವ್ವದ ಕಥೆ. ತಮಾಷೆ ಅದರ ಹೊಲಿಗೆ ಬಿಚ್ಚುತ್ತದೆ. ಇದಕ್ಕೆ ಈಚಿನ ಒಳ್ಳೆಯ ಸಾಕ್ಷಿ 2025ರ ಜುಲೈನಲ್ಲಿ ಬಂದ ಜೆ.ಪಿ. ತುಮಿನಾಡು ಅವರ ‘ಸು ಫ್ರಮ್ ಸೋ’. ತನ್ನ ಒಂದು ತಪ್ಪನ್ನು ಮುಚ್ಚಿಕೊಳ್ಳಲು ಹುಡುಗನೊಬ್ಬ ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ. ಸೋಮೇಶ್ವರದ ಸುಲೋಚನಾ ಅವನ ಮೈಸೇರಿದ್ದಾಳೆಂದು ಕರಾವಳಿಯ ಊರಿಡೀ ನಂಬುತ್ತದೆ. ನಗುತ್ತ ನಗುತ್ತ ಚಿತ್ರ ನಮ್ಮನ್ನು ಕರೆದೊಯ್ಯುವುದು ಆ ಸುಲೋಚನಾಳ ಮಗಳ ಬಾಳಿನ ಕಷ್ಟದೆದುರಿಗೆ. ಹೆದರಬೇಕಾದದ್ದು ಸತ್ತವಳಿಗಲ್ಲ, ಬದುಕಿರುವವರ ನಡತೆಗೆ ಎಂಬುದನ್ನು ಭಾಷಣವಿಲ್ಲದೆ ತಿಳಿಸುವ ಈ ದಾರಿ ಬಟ್ಟೆಯ ಲೋಕಕ್ಕೂ ಒದಗುತ್ತದೆ. ದಪ್ಪ, ಕಪ್ಪು, ಕುಳ್ಳು, ವಯಸ್ಸು ಎಂದು ಕನ್ನಡಿಯ ಮುಂದೆ ಹೆಣ್ಣುಮಕ್ಕಳನ್ನು ಹೆದರಿಸುವ ವ್ಯಾಪಾರ ಯಾವ ದೆವ್ವಕ್ಕೂ ಕಡಿಮೆಯದಲ್ಲ. ಕನ್ನಡಿಯಲ್ಲಿ ತಾನು ಕಾಣುವುದೇ ಇಲ್ಲವೆಂಬ ನಿಶ್ಚಿಂತೆಯಿಂದ ಮೈತುಂಬ ಸೆರಗು ಹೊದ್ದು ನಡೆಯುವ ರಕ್ತಪಿಶಾಚಿಯೊಬ್ಬಳು ಅಲ್ಲಿ ಬಂದರೆ ಅವಳು ಭಯದ ಗುರುತಾಗುವುದಿಲ್ಲ, ಬಿಡುಗಡೆಯ ಗುರುತಾಗುತ್ತಾಳೆ.

ಇಷ್ಟನ್ನೂ ಒಪ್ಪಿದ ಮೇಲೆ ಉಳಿಯುವುದು ರುಚಿಯ ಪ್ರಶ್ನೆ: ಕನ್ನಡದ ರಕ್ತಪಿಶಾಚಿ ಕೊನೆಗೆ ಏನು ಕುಡಿಯುತ್ತಾಳೆ? ನೆತ್ತರು ನಮ್ಮಲ್ಲಿ ಅಂಥ ಬೆರಗಿನ ವಸ್ತುವಲ್ಲವೆಂದು ಆಗಲೇ ಕಂಡೆವು. ಅವಳಿಗೆ ಬೇಕಾದದ್ದು ಬಹುಶಃ ಕಾಲ. ಹಳೆಯ ಮೈಸೂರಿನ ಮನೆಗಳ ಟ್ರಂಕಿನಲ್ಲಿ, ಗೋದ್ರೆಜ್ ಬೀರುವಿನಲ್ಲಿ, ಮಡಿಕೆಯ ಗೆರೆ ಹರಿಯದಂತೆ ಆಗಾಗ ಮಡಿಕೆ ಬದಲಿಸಿ ಇಟ್ಟ ಸಿಲ್ಕ್ ಸೀರೆಗಳಿವೆ. ಉಟ್ಟ ಅಜ್ಜಿ ತೀರಿಹೋಗಿರುತ್ತಾಳೆ. ಸೀರೆ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಬರುತ್ತದೆ. ಮೊಮ್ಮಗಳು ಅದನ್ನು ಉದ್ದ ಕುರ್ತಾ ಮಾಡಿಸುವುದೋ, ಹೊಸ ರವಿಕೆ ಹೊಲಿಸಿ ಹಾಗೇ ಉಡುವುದೋ ಎಂದು ಯೋಚಿಸುತ್ತಾಳೆ. ಸತ್ತವಳ ಉಡುಗೆ ಬದುಕಿರುವವಳ ಮೈಯ ಬಿಸಿಯಿಂದ ಮತ್ತೆ ಜೀವ ಪಡೆಯುತ್ತದೆ, ತಲೆಮಾರಿನಿಂದ ತಲೆಮಾರಿಗೆ ಹೊಸ ಕೊರಳು ಹುಡುಕಿಕೊಳ್ಳುತ್ತದೆ. ಪಡುವಣದವರು ಇದನ್ನು ವ್ಯಾಂಪೈರ್ ಕಥೆಯೆಂದು ಕರೆಯಲಿಕ್ಕಿಲ್ಲ. ಆದರೆ ಸಾವಿಲ್ಲದ್ದು, ಇನ್ನೊಬ್ಬರ ಮೈಯಿಂದ ಬಾಳುವುದು, ಕಂಡವರನ್ನು ಮರುಳು ಮಾಡುವುದು ಎಂಬ ಮೂರೂ ಲಕ್ಷಣ ಆ ಸೀರೆಗಿದೆ. ಭಯವೊಂದು ಮಾತ್ರ ಇಲ್ಲ, ಅದರ ಜಾಗದಲ್ಲಿ ಅಕ್ಕರೆಯಿದೆ. ಕನ್ನಡದ ಹಗುರ ದೆವ್ವದ ಕಥೆಗೆ ದಾರಿ ಇಲ್ಲಿಂದಲೇ. ಬರೆಯುವವರು ಡ್ರಾಕುಲಾನ ನಿಲುವಂಗಿಯನ್ನು ಸಾಲ ತರಬೇಕಾಗಿಲ್ಲ. ಅಜ್ಜಿಯ ಸೀರೆ, ಬಾಗಿಲ ಮೇಲಿನ ಬರಹ, ಕತ್ತರಿ ಹಿಡಿದ ಟೈಲರ್ ಸಾಕು. ಅವಳೂ ಆಗಲೇ ಅಂಗಡಿಯ ಮೆಟ್ಟಿಲ ಬಳಿ ನಿಂತಿದ್ದಾಳೆ. ಟೈಲರಣ್ಣ ತಲೆಯೆತ್ತದೆಯೇ ‘ನಾಳೆ ಬನ್ನಿ’ ಎನ್ನುತ್ತಾನೆ. ಅವಳಿಗೇನೂ ಅವಸರವಿಲ್ಲ.